ಐದು ಕೈ ಬೇಕೆನಿಸಿದ ದಿನ

ಮಾರ್ಚ್ ೧೨, ಬುಧವಾರ

ಕತ್ತು ಇನ್ನೂ ನೋಯುತ್ತಿದೆ. ಹೆಡ್‌ಸೆಟ್ ಕೆಟ್ಟು ಒಂಬತ್ತು ದಿನವಾಯಿತು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಅದುಮಿಕೊಂಡೇ ನೀರಿನ ಕಚೇರಿಗೆ ಬರುವ ಕರೆಗಳನ್ನೆಲ್ಲ ಟೈಪ್ ಮಾಡುತ್ತಿದ್ದೇನೆ.

ಇನ್ನೂ ಮೂರು ಕೈ ಇರಬೇಕಿತ್ತು. ಒಂದು ಫೋನಿಗೆ, ಒಂದು ಮೌಸಿಗೆ, ಒಂದು ಕಾಫಿಗೆ. ಇರುವ ಎರಡು ಕೀಬೋರ್ಡಿನ ಮೇಲೇ ಇರಲಿ. ಪಕ್ಕದ ಮೇಜಿನ ಆರ್ಲಿಸ್‌ಗೆ ಹೇಳಿದರೆ, "ಐದು ಕೈ ಬಂದ್ರೆ ಐದು ಜನರ ಕೆಲಸ ನಿನ್ ತಲೆಗೆ ಕಟ್ತಾರೆ ಕಣೇ, ಸುಮ್ನಿರು" ಎಂದಳು.

ಮಧ್ಯಾಹ್ನ ಮಿಸೆಸ್ ಎಂಗೆನ್ ಫೋನ್ ಮಾಡಿದರು. ಗಂಡ ತೀರಿಕೊಂಡಿದ್ದಾರೆ, ನೀರಿನ ಸಂಪರ್ಕ ತಮ್ಮ ಹೆಸರಿಗೆ ಆಗಬೇಕು. ಹೇಳುತ್ತಲೇ ಅತ್ತರು. ನಾನು ಸಮಾಧಾನ ಹೇಳಿದೆ. ಬೆರಳುಗಳು ತಮ್ಮ ಪಾಡಿಗೆ ಅದನ್ನೇ ಟೈಪ್ ಮಾಡಿದವು. ಅರ್ಜಿಯ 'ಬದಲಾವಣೆಗೆ ಕಾರಣ' ಎಂಬ ಅಂಕಣದಲ್ಲಿ ಈಗ ಹೀಗಿದೆ: ಅಳ್ಬೇಡಿ, ನಾನು ಕೇಳಿಸ್ಕೊಳ್ತಾ ಇದೀನಿ.

ಮೇಲ್ವಿಚಾರಕ ವೆಂಡೆಲ್ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದ. "ಏನ್ರೀ ವರ್ನಾ, ಇದೂ ಒಂದು ಕಾರಣಾನಾ? ನಾಳೆ ಅಳಿಸ್ಬಿಡಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ನಗಬಾರದಿತ್ತು.

ಅದಕ್ಕಿಂತ ಚುಚ್ಚುವುದೆಂದರೆ, ಕೇಳಿಸ್ಕೊಳ್ತಾ ಇದೀನಿ ಎಂದ ಆ ಮಾತು ಸುಳ್ಳು. ಅವರ ಗಂಡ ಹಿಮಗಟ್ಟಿದ ಕೆರೆಗೆ ಮೀನು ಹಿಡಿಯಲು ಹೋಗಿದ್ದರು ಎಂಬುದಷ್ಟೇ ನನ್ನ ಕಿವಿಗೆ ಬಿದ್ದದ್ದು. ಆಮೇಲೆ ನಾನು ಅವರ ಹಳೆಯ ಅರ್ಜಿ ಹುಡುಕುತ್ತಿದ್ದೆ.

ನಾಳೆ ಬೆಳಿಗ್ಗೆ ನಾನೇ ಅವರಿಗೆ ಫೋನ್ ಮಾಡುತ್ತೇನೆ. ಒಂದು ಕೈಯಲ್ಲಿ ಫೋನ್, ಇನ್ನೊಂದು ಸುಮ್ಮನೆ ಮಡಿಲಲ್ಲಿ. ಎರಡೇ ಸಾಕು. ವೆಂಡೆಲ್ ಏನು ಬೇಕಾದರೂ ಅನ್ನಲಿ, ಆ ಸಾಲನ್ನು ಅಳಿಸುವುದಿಲ್ಲ. ಮೊದಲು ಅದನ್ನು ನಿಜ ಮಾಡಬೇಕು.