ಹಿತ್ತಿಲ ಕೋಣೆಗೆ ಬಾರದ ಕರೆಂಟು

ತತೆಯಾಮಾ
ಅಕ್ಟೋಬರ್ 19

ಪ್ರಿಯ ಫುಸಾಕೊ,

ನೀನು ಎರಡು ಕಾಗದ ಬರೆದೆ, ನಾನು ಒಂದಕ್ಕೂ ಉತ್ತರಿಸಲಿಲ್ಲ. ಬಿಡುವಿರಲಿಲ್ಲ ಎಂದರೆ ನೀನು ನಗುತ್ತೀಯೆ; ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವಳು, ನನ್ನ ನೆಪಗಳೆಲ್ಲ ನಿನಗೆ ಬಾಯಿಪಾಠ. ನಿನ್ನ ಅಣ್ಣನನ್ನು ಕಟ್ಟಿಕೊಂಡು ಅತ್ತಿಗೆಯಾದೆನೆಂಬ ಮರ್ಯಾದೆಗಾದರೂ ಕ್ಷಮಿಸಿಬಿಡು. ಅತ್ತೆ ಹೇಗಿದ್ದಾರೆ? ನಿನ್ನ ಮನೆಯ ಅನ್ನ ಗಟ್ಟಿ ಎಂದು ಗೊಣಗುತ್ತಿದ್ದರೆ ಹುಷಾರಾಗಿದ್ದಾರೆ ಎಂದೇ ಅರ್ಥ.

‘ಅಮ್ಮ ಇನ್ನು ಆ ಮನೆಗೆ ಬರಲ್ಲ ಅಂತಿದ್ದಾಳೆ, ಏನು ನಡೀತು?’ ಎಂದು ಕೇಳಿದ್ದೀಯೆ. ನಿನ್ನ ಅಣ್ಣ ಫೋನಿನಲ್ಲಿ ಹ್ಞೂಂ, ಉಹ್ಞೂಂ ಬಿಟ್ಟು ಬೇರೇನೂ ಹೇಳಿರುವುದಿಲ್ಲ. ಅತ್ತೆಯನ್ನು ಮನೆಗೆ ಕರೆತರಬೇಕೆಂಬ ಆಸೆ ನನಗಿದೆ. ಆದ್ದರಿಂದ ನಾನೇ ಬರೆಯುತ್ತೇನೆ.

ಚಾವಣಿಯ ಸೋಲಾರಿನ ಹತ್ತು ವರ್ಷದ ಕರಾರು ಮುಗಿಯಿತು, ವಿದ್ಯುತ್ ಕಂಪನಿಯವರು ನಾವು ಮಾರುವ ಕರೆಂಟಿಗೆ ಕೊಡುವ ದರ ನೆಲಕಚ್ಚಿತು. ಮಾರುವ ಬದಲು ಮನೆಯಲ್ಲೇ ಕೂಡಿಟ್ಟುಕೊಳ್ಳೋಣ ಎಂದು ಜೂನ್‌ನಲ್ಲಿ ಬ್ಯಾಟರಿ ಹಾಕಿಸಿದೆವು. ಆದರೆ ಊರಿನ ಕರೆಂಟು ಹೋದಾಗ ಅದು ಇಡೀ ಮನೆಗೆ ಸಾಲದು. ಯಾವ ಯಾವ ಕೋಣೆಗೆ ಬೇಕೆಂದು ಮೊದಲೇ ಬರೆದುಕೊಡಬೇಕು. ಅಡುಗೆಮನೆ, ನಡುಮನೆ, ತೀರಿಹೋದ ಹಿರಿಯರ ಫೋಟೋ ಇಟ್ಟ ಪೂಜೆಯ ಕೋಣೆ ಎಂದು ಬರೆಸಿದೆವು. ಅತ್ತೆಯನ್ನೂ ಕೇಳಿದೆ.

“ನಿಮ್ಮ ಹಿತ್ತಿಲ ಕೋಣೆಗೂ ಹಾಕಿಸೋಣ್ವಾ ಅತ್ತೆ?”

“ಅಯ್ಯೋ, ನಂಗ್ಯಾಕಮ್ಮಾ? ಎಂಟು ಗಂಟೆಗೆ ಮಲಗೋ ಮುದುಕಿ ನಾನು.”

“ಫ್ಯಾನಿಗಾದ್ರೂ ಬೇಕಾಗುತ್ತಲ್ಲ?”

“ಬೀಸಣಿಗೆ ಇದೆ ಬಿಡು. ಸುಮ್ನೆ ತೊಂದ್ರೆ ತಗೋಬೇಡ.”

ಬ್ಯಾಟರಿ ಹಾಕಲು ಬಂದಿದ್ದ ಕೆಲಸದವನು ಕಾಗದ ಮಡಚಿಕೊಂಡು ಹೋದ.

ಸೆಪ್ಟೆಂಬರಿನ ಚಂಡಮಾರುತಕ್ಕೆ ಕಂಬಗಳು ಮಲಗಿ ಊರೆಲ್ಲ ನಾಲ್ಕು ದಿನ ಕತ್ತಲಾಯಿತು. ಬೆಳಕಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಕೇರಿಯವರೆಲ್ಲ ಫೋನು ಹಿಡಿದುಕೊಂಡು ಬಂದರು. ಹೊಗಳಿದ್ದೇ ಹೊಗಳಿದ್ದು, ನಾನು ಉಬ್ಬಿಹೋದೆ. ಅತ್ತೆ ಎಲ್ಲರಿಗೂ ಬಾರ್ಲಿ ಚಹಾ ಕೊಟ್ಟರು. “ಇಲ್ಲೇ ಮಲಗಿ” ಎಂದು ನಾನಂದರೆ, “ಬಂದವ್ರಿಗೆ ಜಾಗ ಇರ್ಲಿ” ಎಂದು ಬೀಸಣಿಗೆ ಹಿಡಿದು ಹಿತ್ತಿಲಿಗೆ ಹೊರಟರು. ಆ ಸೆಕೆ ನಿನಗೆ ಗೊತ್ತಲ್ಲ.

ಪಕ್ಕದ ಮನೆಯ ಹಿರಾನುಮಾ ಅಜ್ಜ ತಡೆಯಲಾರದೆ ಅತ್ತೆಯನ್ನು ಕೇಳಿದರು: “ಏನಮ್ಮಾ, ಪೂಜೆ ಕೋಣೇಲಿ ಝಗಮಗ ದೀಪ ಉರೀತಿದೆ, ನಿಂಗೆ ಮಾತ್ರ ಕತ್ಲೆಯಾ?”

ಅತ್ತೆ ನಕ್ಕರು: “ನಾನೂ ಫೋಟೋ ಆಗಿ ಆ ಕೋಣೆ ಸೇರಿದ್ರೆ ನಂಗೂ ಸಿಗುತ್ತೆ ಬಿಡಿ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುದಿನ ಬೆಳಿಗ್ಗೆ ಅವರು ತಮ್ಮ ಕೋಣೆಯ ಹೊಸ್ತಿಲಲ್ಲಿ ಬಿದ್ದಿದ್ದರು. ಮೈ ಕಾದ ಹೆಂಚಾಗಿತ್ತು. ಆಸ್ಪತ್ರೆಯಿಂದ ನೀನು ನಿನ್ನ ಮನೆಗೇ ಕರೆದುಕೊಂಡು ಹೋದೆ. ಮುಂದಿನದು ನಿನಗೇ ಗೊತ್ತಿದೆ.

ಮೊನ್ನೆ ಕೆಲಸದವನನ್ನು ಕರೆಸಿ ಹಿತ್ತಿಲ ಕೋಣೆಗೂ ತಂತಿ ಎಳೆಸಿದ್ದೇನೆ. ಅರ್ಧ ದಿನವೂ ಹಿಡಿಯಲಿಲ್ಲ. ಹಾಸಿಗೆ ಬಿಸಿಲಿಗೆ ಹಾಕಿ ಒಣಗಿಸಿದ್ದೇನೆ. ಚಳಿ ಹತ್ತುವ ಮುಂಚೆ ಬಂದರೆ ಒಳ್ಳೆಯದು.

ನಿನ್ನ ಮೊಮ್ಮಗುವಿಗೆ ನನ್ನ ಮುತ್ತು. ನಿಮ್ಮ ಮನೆಯಲ್ಲಿ ಎಲ್ಲರಿಗೂ ಒಳ್ಳೆಯದಾಗಲಿ.

ನಿನ್ನ,
ಮಿನೆಕೊ

ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು: ನಿನ್ನ ಅಮ್ಮ ಯಾವುದಕ್ಕೂ ಎರಡು ಸಲ ಬೇಡ ಅನ್ನುತ್ತಾರೆ, ಮೂರನೆಯ ಸಲಕ್ಕೆ ಒಪ್ಪುತ್ತಾರೆ. ಅವರ ಕಾಲದ ಸೌಜನ್ಯ ಅದು. ಮೂವತ್ತೊಂದು ವರ್ಷ ಚಹಾಕ್ಕೂ, ಸ್ನಾನಕ್ಕೂ, ಡಾಕ್ಟರ ಹತ್ತಿರ ಹೋಗುವುದಕ್ಕೂ ಮೂರು ಸಲ ಕೇಳಿದವಳು ನಾನು. ಬ್ಯಾಟರಿಗೆ ಕೋಣೆಗಳನ್ನು ಬರೆಸಿದ ದಿನವೂ ಮೂರನೆಯ ಮಾತು ಬಾಯಿಗೆ ಬಂದಿತ್ತು ಫುಸಾಕೊ. ನುಂಗಿಕೊಂಡೆ. ಒಂದು ಸಲವಾದರೂ ಅವರ ‘ಬೇಡ’ವನ್ನು ಅವರೇ ಅನುಭವಿಸಲಿ ಅನ್ನಿಸಿತು. ಅವರು ನನ್ನ ಮುಖವನ್ನೇ ನೋಡುತ್ತಾ ಕಾದರು. ನಾನು ಕೆಲಸದವನಿಗೆ “ಆಯ್ತು, ಅಷ್ಟೇ” ಎಂದೆ. ನಾನು ಬೇಕೆಂದೇ ಕೇಳಲಿಲ್ಲವೆಂದು ಅವರಿಗೂ ಗೊತ್ತು, ಆದ್ದರಿಂದಲೇ ಬರುತ್ತಿಲ್ಲ. ಇದನ್ನು ಒಂದಕ್ಷರ ಬಿಡದೆ ಅವರಿಗೆ ಓದಿ ಹೇಳು. ಕೇಳಿದ ಮೇಲೂ ಬರುತ್ತೇನೆ ಎಂದರೆ ತಿಳಿಸು, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಇಲ್ಲ ಎಂದರೆ, ಈ ಸಲ ಅವರ ‘ಬೇಡ’ ನಿಜವಾದದ್ದೆಂದು ತಿಳಿಯುತ್ತೇನೆ.