ಕ್ಷಿಪಣಿಯ ಗೇಟಿನಾಚೆಯ ಅರ್ಧ ಮೈಲಿ

ಮಾನ್ಯ ರಕ್ಷಣಾ ವರಿಷ್ಠರೇ,

ನಿಮ್ಮ ಲಾರಿ ಹಿಮ ಗುಡಿಸುತ್ತಾ ಬಂದು ಉತ್ತರ ಡಕೋಟಾದ ನಮ್ಮ ಗೋಧಿ ಹೊಲದ ಕ್ಷಿಪಣಿ ಬಾವಿಯ ಗೇಟಿನಲ್ಲಿ ತಿರುಗಿಕೊಂಡು ಹೋಗುತ್ತದೆ. ನಮ್ಮ ಮನೆ ಅಲ್ಲಿಂದ ಅರ್ಧ ಮೈಲಿ ಆಚೆಗಿದೆ. ಆದ್ದರಿಂದ ಈ ದೇಶ ಜಗತ್ತಿನ ಯಜಮಾನಿಕೆಯನ್ನು ಕೂಡಲೇ ಬಿಟ್ಟುಕೊಡಬೇಕೆಂದು ಒತ್ತಾಯಿಸುತ್ತೇನೆ. ಎರಡಕ್ಕೂ ಏನು ಸಂಬಂಧವೆಂದು ಹುಬ್ಬೇರಿಸಬೇಡಿ. ನೆಲದಡಿ ಸುಮ್ಮನೆ ಮಲಗಿರುವ, ಎಂದೂ ಎಲ್ಲಿಗೂ ಹೋಗದಿರಲೆಂದು ನಾವೆಲ್ಲ ಪ್ರಾರ್ಥಿಸುವ ಕ್ಷಿಪಣಿಗೆ ನುಣ್ಣನೆಯ ರಸ್ತೆ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಪಟ್ಟಣಕ್ಕೆ ಹೋಗಲೇಬೇಕಾದ ನನ್ನ ಗಂಡ ವರ್ಲಿನ್‌ಗೆ ಸೊಂಟದೆತ್ತರದ ಹಿಮ. ಇದನ್ನೇ ತಾನೇ ನೀವು ಮಹಾಶಕ್ತಿ ಎನ್ನುವುದು?

ದೇಶ ಈ ಪಟ್ಟ ಬಿಡಬೇಕೋ ಬೇಡವೋ ಎಂದು ಟಿವಿಯಲ್ಲಿ ಟೈ ಕಟ್ಟಿದವರು ಗಂಟಲು ಹರಿದುಕೊಳ್ಳುತ್ತಿದ್ದಾರೆ. ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಆರುವುದರೊಳಗೆ ಇತ್ಯರ್ಥವಾಯಿತು. ಗೇಟಿಗಿಂತ ಈಚೆ, ಲಾರಿ ಗುಡಿಸುವ ಕಡೆ, ಮನೆಯಿರುವವರೆಲ್ಲ ಮಹಾಶಕ್ತಿಯ ಪರ, ನಮ್ಮಂಥ ಆಚೆಯವರು ವಿರೋಧ. ಈಚೆಯ ಮನೆಯ ಗ್ಲೆನಿಸ್, "ಪಟ್ಟ ಬಿಟ್ರೆ ಕ್ಷಿಪಣಿ ಕಿತ್ಕೊಂಡ್ ಹೋಗ್ತಾರೆ ಆರ್ಡಿಸ್. ಆಮೇಲೆ ನನ್ ರಸ್ತೆ ಯಾರೇ ಗುಡಿಸೋರು, ನಿಮ್ಮಪ್ಪಾನಾ?" ಎಂದಳು.

"ನಿನ್ ರಸ್ತೆಗೋಸ್ಕರ ಇಡೀ ಪ್ರಪಂಚ ಹೆದರ್ಕೊಂಡ್ ಕೂತಿರ್ಬೇಕೇನೇ?" ಎಂದೆ.

"ಕೂತಿರ್ಲಿ ಬಿಡು, ಅವ್ರಿಗೇನ್ ನಮ್ಮಷ್ಟ್ ಹಿಮ ಬೀಳತ್ತಾ?" ಎನ್ನುತ್ತಾ ಅವಳು ಕೂಟಕ್ಕೆಂದು ಬೇಯಿಸಿ ತಂದಿದ್ದ ಇನ್ನೊಂದಿಷ್ಟು ಆಲೂಗಡ್ಡೆ ಹಾಟ್‌ಡಿಶ್ ಬಡಿಸಿಕೊಂಡಳು. ನಿಮ್ಮ ವಿದೇಶಾಂಗ ತಜ್ಞರು ಇದಕ್ಕಿಂತ ಹೆಚ್ಚಿನದೇನಾದರೂ ಹೇಳಿದ್ದಾರೆಯೇ?

ಹಾಗೆಂದು ನಿಮ್ಮವರು ವಿಚಾರಿಸಲೇ ಇಲ್ಲವೆಂದಲ್ಲ. ಹೋದ ಜನವರಿಯ ಹಿಮಗಾಳಿ ನಿಂತ ಮೇಲೆ ಗಿಡ್ರಿ ಎಂಬ ಸೈನಿಕ, ದೇಶದ ದಕ್ಷಿಣದ ಕಡೆಯವನು, ಗೇಟಿನಲ್ಲಿ ಲಾರಿ ನಿಲ್ಲಿಸಿ ಹಿಮದಲ್ಲಿ ಬೀಳುತ್ತಾ ಏಳುತ್ತಾ ಬಂದು ಬಾಗಿಲು ತಟ್ಟಿದ. "ಮೇಡಂ, ನಿಮ್ಮನೆ ತನ್ಕ ಒಂದ್ಸಲ ಗುಡಿಸ್ಕೊಟ್‌ಬಿಡ್ಲಾ?"

"ಅಯ್ಯೋ, ಬೇಡಪ್ಪ, ನಿನಗ್ಯಾಕೆ ತೊಂದ್ರೆ" ಎಂದೆ. ನಮ್ಮ ನಾರ್ವೆ ಮೂಲದವರಲ್ಲಿ ಕಾಫಿಯಾಗಲಿ, ಕೇಕಾಗಲಿ, ಪ್ರಾಣವೇ ಆಗಲಿ, ಯಾರಾದರೂ ಕೊಡಲು ಬಂದರೆ ಎರಡು ಸಲ ಬೇಡವೆಂದು ಮೂರನೇ ಸಲಕ್ಕೆ ತೆಗೆದುಕೊಳ್ಳಬೇಕು. ಮೊದಲ ಸಲವೇ ಹೂಂ ಎಂದವರನ್ನು ಊರು ವರ್ಷಗಟ್ಟಲೆ ಆಡಿಕೊಳ್ಳುತ್ತದೆ. ಅವನು ಎರಡನೇ ಸಲ ಕೇಳಲೆಂದು ನಾನು ಕಾಯುತ್ತಾ ನಿಂತೆ. ಆ ಪುಣ್ಯಾತ್ಮ "ಸರಿ ಮೇಡಂ" ಎಂದು ಟೋಪಿ ಮುಟ್ಟಿ ಹೊರಟೇಬಿಟ್ಟ!

ಸ್ವಾಮಿ, ಕಡಲಾಚೆಯ ಎಷ್ಟೋ ಊರಿನವರು ನೂರು ಸಲ ಬೇಡವೆಂದರೂ ನಿಮ್ಮ ಕಿವಿಗೆ ಬೀಳಲಿಲ್ಲ, ಟ್ಯಾಂಕು ಸಮೇತ ನುಗ್ಗಿದಿರಿ. ನನ್ನ ಒಂದೇ ಒಂದು ಬೇಡ ಅಷ್ಟು ಚೆನ್ನಾಗಿ ಹೇಗೆ ಕೇಳಿಸಿತು?

ವರ್ಲಿನ್‌ನ ಕಾಲುಗಳು ಡಯಾಲಿಸಿಸ್ ತಪ್ಪಿ ಕಂಬದಂತೆ ಊದಿಕೊಂಡವು. ಮಲಗಿದರೆ ಉಸಿರು ಸಿಗದು. ಮರುದಿನ ಮೊಮ್ಮಕ್ಕಳ ಜಾರುಬಂಡಿಯಲ್ಲಿ ಅವನನ್ನು ಕೂರಿಸಿ, ಹಗ್ಗ ಹೆಗಲಿಗೆ ಹಾಕಿಕೊಂಡು, ದಾರಿಯುದ್ದಕ್ಕೂ ನಿಮ್ಮನ್ನು ಶಪಿಸುತ್ತಾ ಗೇಟಿನವರೆಗೆ ಎಳೆದೆ. ಸುಸ್ತಾಗಿ ಕ್ಷಿಪಣಿಯ ಬೇಲಿಗೆ ಒರಗಿದ್ದೇ ತಡ, ಅಲಾರಂ ಹೊಡೆದು ನಿಮ್ಮ ಬಂದೂಕುಧಾರಿಗಳು ಹಾಜರ್. "ಕೈ ಮೇಲೆತ್ತಿ!" ವರ್ಲಿನ್ ಎತ್ತಿದ. "ಕ್ಷಮಿಸ್ರಪ್ಪ, ಚಳೀಲಿ ಓಡ್ ಬರೋ ಹಾಗ್ ಮಾಡ್ಬಿಟ್ವಿ ನಿಮ್ನ" ಎಂದ.

ಅವರ ಮುಖ್ಯಸ್ಥೆ ಅವನ ಮುಖ ನೋಡಿ ಬಂದೂಕು ಇಳಿಸಿದಳು. "ಸರ್, ಆಸ್ಪತ್ರೆಗೆ ಕರ್ಕೊಂಡ್ ಹೋಗ್ಲಾ?"

ನನ್ನ ಗಂಡ, ತುಟಿ ನೀಲಿಗಟ್ಟಿದ್ದರೂ, "ಬೇಡಮ್ಮ, ನೀವ್ ನಿಮ್ ಕೆಲ್ಸ ನೋಡ್ಕೊಳ್ಳಿ" ಎಂದ.

"ಅವನ್ ಮಾತ್ ಕೇಳ್ಬೇಡ್ರೀ, ಎತ್ತಾಕ್ಕೊಳ್ರೀ!" ಎಂದು ಕಿರುಚಿದೆ. ಬದುಕಿಕೊಂಡ. ಹಾಗೆ ಕಿರುಚಿ ಮಾನ ಕಳೆದೆನೆಂದು ಈಗಲೂ ಬೈಯುತ್ತಾನೆ. ಬೈಯಲು ಅವನಿದ್ದಾನಲ್ಲ ಎಂದು ನಾನು ಬೈಸಿಕೊಳ್ಳುತ್ತೇನೆ.

ಪಟ್ಟ ಬಿಟ್ಟರೆ ಆಕಾಶ ಕಳಚಿ ಬೀಳುತ್ತದೆಂದು ಹೆದರಿಸುತ್ತೀರಿ. ಕಿಡ್ನಿ ಕೈಕೊಟ್ಟಾಗ ವರ್ಲಿನ್ ರೈತರ ಧಾನ್ಯ ಸಂಘದ ಅಧ್ಯಕ್ಷಗಿರಿ ಬಿಟ್ಟ. ಕಣಜವೇನೂ ಕುಸಿಯಲಿಲ್ಲ. ಕೇಕು ಕತ್ತರಿಸಿ, ಕೀಲಿಕೈ ಇಸಿದುಕೊಂಡು, ಚಪ್ಪಾಳೆ ತಟ್ಟಿ ಕಳಿಸಿದರು. ದೇಶಕ್ಕೂ ಅಂಥದ್ದೊಂದು ಬೀಳ್ಕೊಡುಗೆ ಮಾಡೋಣ, ಹಾಟ್‌ಡಿಶ್ ನಾನು ತರುತ್ತೇನೆ. "ಇನ್ನೂ ಸ್ವಲ್ಪ ದಿನ ಯಜಮಾನರಾಗಿರಿ" ಎಂದು ಮೂರು ಸಲ ಒತ್ತಾಯ ಮಾಡುವ ದೇಶ ಯಾವುದಾದರೂ ಇದ್ದರೆ ಅಲ್ಲಿಯೇ ಗೊತ್ತಾಗುತ್ತದೆ.

ಅದೆಲ್ಲ ನಿಧಾನವಾಗಿ ಆಗಲಿ. ಅಕ್ಟೋಬರಿನಲ್ಲಿ ಹಿಮ ಶುರುವಾಗುತ್ತದೆ. ನಿಮ್ಮ ಲಾರಿ ಗೇಟಿನಲ್ಲಿ ತಿರುಗದೆ ನೇರವಾಗಿ ಬರಬೇಕು. ನಮ್ಮನ್ನು ಏನನ್ನೂ ಕೇಳಕೂಡದು. ವರ್ಲಿನ್ ಬಾಗಿಲಿಗೆ ಬಂದು ಬೇಡ ಬೇಡವೆಂದು ಎರಡೂ ಕೈ ಆಡಿಸಿದರೂ ನಿಲ್ಲಿಸಕೂಡದು. ಯಾರ ಮಾತೂ ಕೇಳದೆ ಒಳನುಗ್ಗುವುದು ನಿಮಗೆ ಹೊಸದೇನಲ್ಲ. ಒಂದೇ ಒಂದು ಸಲ, ನೀವು ಬೇಕಾಗಿರುವ ಮನೆಗೆ ನುಗ್ಗಿ.

ಇಂತಿ,
ನಿಮ್ಮ ದಾಳಿಯ ದಾರಿ ಕಾಯುತ್ತಿರುವ,
ಆರ್ಡಿಸ್ ಥೋರ್ಸನ್
ಉತ್ತರ ಡಕೋಟಾ