ಅರ್ಧ ಮಾತ್ರೆ

ಇಸ್ತ್ರಿ ಅಂಗಡಿಯ ಅಕ್ಕನಿಗೆ, ತಲೆ ತಗ್ಗಿಸಿ ನಮಸ್ಕಾರ.

ನಿನ್ನೆ ನೀವು ಕ್ಲಿನಿಕ್ಕಿನಲ್ಲಿ ನನ್ನೆದುರಿನ ಸ್ಟೂಲಿನ ಮೇಲೆ ಕೂತು ಒಂದು ಪ್ರಶ್ನೆ ಕೇಳಿದಿರಿ. ನಾನು ಬಾಯಿಗೆ ಬಂದದ್ದು ಹೇಳಿ ಸಾಗಹಾಕಿದೆ. ನಿಜವಾದ ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಆರು ತಿಂಗಳ ಹಿಂದೆ ಭುಜ ಎತ್ತಲಾಗುತ್ತಿಲ್ಲ ಎಂದು ಬಂದಿರಿ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ದಿನವಿಡೀ ನಿಂತು ಇಸ್ತ್ರಿಪೆಟ್ಟಿಗೆ ಎಳೆಯುವವರಿಗೆ ವಿಶ್ರಾಂತಿ ತಗೊಳ್ಳಿ ಎನ್ನಲು ಬಾಯಿ ಬರಲಿಲ್ಲ. ನಿಮ್ಮ ಮಾತು ಪೂರ್ತಿ ಕೇಳಲು ಪುರುಸೊತ್ತೂ ಇರಲಿಲ್ಲ. ನರ್ಸಿಗೆ "ಕೆಂಪು ಡಬ್ಬಿ" ಎಂದೆ. ಅದು ನಮ್ಮಿಬ್ಬರ ಗುಟ್ಟಿನ ಮಾತು. ಅದರಲ್ಲಿರುವುದು ಬರೀ ವಿಟಮಿನ್ ಮಾತ್ರೆ, ನಿಮ್ಮ ನೋವಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಮುಖ ಬಿಗಿದುಕೊಂಡು, ತುಂಬಾ ಪವರ್ ಇದೆ, ದಿನಕ್ಕೆ ಒಂದೇ ಎಂದು ಗದರಿಸಿದೆ. ಗದರಿಸಿ ಕೊಟ್ಟರೆ ಇಂಥ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ನನ್ನ ಅನುಭವ.

ಎರಡೇ ವಾರಕ್ಕೆ ಬಾಗಿಲಲ್ಲೇ ನಿಂತು ಕೈ ಎತ್ತಿ ತೋರಿಸಿದಿರಿ. ನೀವು ಆ ಕಡೆ ಹೋದದ್ದೇ ತಡ, ನಾನೂ ನರ್ಸೂ ಬಿದ್ದು ಬಿದ್ದು ನಕ್ಕೆವು. ಅದನ್ನು ನೆನೆದರೆ ಈಗ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಹೋದ ತಿಂಗಳು ನಿಮ್ಮ ತಂಗಿಗೆ ಎದೆ ಉರಿ ಬಂದಾಗ ನೀವು ಇಲ್ಲಿಗೆ ಕರೆತರಲಿಲ್ಲ. ಯಾಕೆ ತರುತ್ತೀರಿ? ಮನೆಯಲ್ಲೇ ನಾನು ಕೊಟ್ಟ ಪವರಿನ ಮಾತ್ರೆ ಉಳಿದಿತ್ತಲ್ಲ. ಅವಳು ಸಣಕಲು ಜೀವ, ಪೂರ್ತಿ ತಡೆಯಲಾರಳು ಎಂದು ಚಾಕುವಿನಿಂದ ಎರಡು ಹೋಳು ಮಾಡಿ ಮೂರು ದಿನ ಕೊಟ್ಟಿರಿ. ನಾಲ್ಕನೆಯ ದಿನ ಕರೆತರುವಾಗ ದಾರಿಯಲ್ಲೇ ಜೀವ ಹೋಗಿತ್ತು. ಅದು ಹೃದಯಾಘಾತ.

ನಿನ್ನೆ ನೀವು ಕೇಳಿದ್ದು ಇಷ್ಟೇ: "ಅರ್ಧ ಕೊಟ್ಟು ತಪ್ಪು ಮಾಡಿದ್ನಾ ಡಾಕ್ಟ್ರೇ? ಪೂರ್ತಿ ಕೊಟ್ಟಿದ್ರೆ ಉಳೀತಿದ್ಲಾ?"

ಹಾಗೆಲ್ಲ ಅಂದುಕೊಳ್ಳಬೇಡಿ ಎಂದು ತೇಲಿಸಿದೆ. ನಿದ್ದೆ ಬರುತ್ತಿಲ್ಲ ಎಂದಿರಿ. ಮತ್ತದೇ ಕೆಂಪು ಡಬ್ಬಿಯ ಹತ್ತು ಮಾತ್ರೆ ಕೊಡಿಸಿದೆ. ಇಷ್ಟೆಲ್ಲ ಆದ ಮೇಲೂ! ನರ್ಸ್ ನನ್ನ ಮುಖ ನೋಡಲಿಲ್ಲ.

ಅಕ್ಕಾ, ಅರ್ಧ ಕೊಟ್ಟಿದ್ದರೂ ಒಂದೇ, ಪೂರ್ತಿ ಕೊಟ್ಟಿದ್ದರೂ ಒಂದೇ. ಮೊದಲ ದಿನವೇ ಬಂದಿದ್ದರೆ ಉಳಿಯುತ್ತಿದ್ದಳೇನೋ. ಬಾರದಂತೆ ಮಾಡಿದ್ದು ನನ್ನ ಸುಳ್ಳು. ಇದನ್ನು ಓದಿ ಮಾತ್ರೆಯ ಮೇಲಿನ ನಂಬಿಕೆ ಹೋದ ಮೇಲೆ ನಿಮ್ಮ ಭುಜದ ನೋವು ಮರಳಿದರೂ ಮರಳಬಹುದು. ಬಾಯಿ ಮುಚ್ಚಿಕೊಂಡಿರಲು ನಾನು ಹುಡುಕಿಕೊಂಡ ನೆಪವೂ ಅದೇ.

ನಾಳೆ ಅಂಗಡಿಗೆ ಬಂದು ನಾನೇ ಇದನ್ನು ಕೈಗೆ ಕೊಡುತ್ತೇನೆ. ನೀವು ಓದಿ ಮುಗಿಸುವವರೆಗೂ ಅಲ್ಲೇ ನಿಂತಿರುತ್ತೇನೆ. ನಾಲ್ಕು ಜನರೆದುರು ಬೈದರೂ ಸರಿ. ದೂರು ಕೊಡುವುದಾದರೆ ಈ ಕಾಗದವೇ ಸಾಕು, ಕೆಳಗೆ ಸಹಿ ಇದೆ.

ನೀವು ತಪ್ಪು ಮಾಡಿಲ್ಲ. ನಿಮಗೆ ಒಳ್ಳೆಯದಾಗಲಿ.

ನಿಮ್ಮ ತಂಗಿಯನ್ನು ನಿಮ್ಮಿಂದ ಕಿತ್ತುಕೊಂಡ,
ಡಾಕ್ಟರು